ಗಂಧದ ಗುರುತಿನ ಗುಳಿಗೆ

ನಾಗಪುರದ ಶ್ರೀಪಾದರಾಯರ ಮನೆಯಲ್ಲಿ ದೇವರಿಗೆ ತೋರಿಸದೆ ಏನನ್ನೂ ಬಾಯಿಗೆ ಹಾಕುವ ರೂಢಿ ಇರಲಿಲ್ಲ. ಔಷಧಕ್ಕೂ ಅದೇ ಕಟ್ಟಳೆ. ಸಂಜೆ ದೀಪ ಹಚ್ಚಿ, ಕೊಲೆಸ್ಟರಾಲಿನ ಎರಡು ಗುಳಿಗೆಗಳನ್ನು ಎರಡು ಪುಟ್ಟ ಬಟ್ಟಲುಗಳಲ್ಲಿಟ್ಟು, ತುಳಸಿ ಏರಿಸಿ ಸಮರ್ಪಿಸುವರು. ಬಳಿಕ ರಾಯರು ತಮ್ಮದನ್ನು ತೀರ್ಥದೊಡನೆ ಅಲ್ಲಿಯೇ ನುಂಗುವರು. ಪತ್ನಿ ದಮಯಂತಿಬಾಯಿ ತಮ್ಮದನ್ನೆತ್ತಿಕೊಂಡು ನೀರಿಗೆಂದು ಅಡುಗೆಮನೆಗೆ ಹೋಗುವರು.

"ಗುಳಿಗಿಗೂ ನೈವೇದ್ಯ ಏನ್ರೀ? ದೇವರಿಗೂ ಕೊಲೆಸ್ಟರಾಲ್ ಹಿಡಸ್ತೀರೇನು?" ಎಂದು ಆಕೆ ಹಿಂದೆ ನಗುತ್ತಿದ್ದುದುಂಟು. ಈಚೆಗೆ ಆ ನಗೆ ಇಲ್ಲ.

ರಾಯರು ದುಡಿಯುತ್ತಿದ್ದ ಕಳಮೇಶ್ವರದ ಕಾರ್ಖಾನೆ ನಡೆಯುತ್ತಿದ್ದಷ್ಟು ಕಾಲ ಔಷಧದ ಚಿಂತೆಯನ್ನು ವಿಮೆ ಹೊತ್ತಿತ್ತು. ರಾಯರ ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದೂ ಅದರಿಂದಲೇ. ಕಾರ್ಖಾನೆಗೆ ಬೀಗ ಬಿತ್ತು, ವಿಮೆಯೂ ಹೋಯಿತು. ಸ್ಟೆಂಟಿನ ಸಂಗತಿ ತಿಳಿದ ಮೇಲೆ ಹೊಸ ವಿಮೆಯವರು ಹೇಳಿದ ಕಂತು ಅವರ ಕೈಗೆ ಎಟುಕುವಂತಿರಲಿಲ್ಲ. ರಾಯರು ಬಟ್ಟೆಯಂಗಡಿಯೊಂದರಲ್ಲಿ ಕೂತು ತರುವ ಸಂಬಳದಲ್ಲಿ ಮನೆ ತೂಗಿಸುವವರು ದಮಯಂತಿಬಾಯಿ. ಗಾಂಧಿಬಾಗಿನ ಪೇಟೆಯಿಂದ ಔಷಧ ತರುವವರೂ ಅವರೇ.

ಒಂದು ಗುರುವಾರ ಗಂಧ ತೇಯ್ದ ರಾಯರ ಬೆರಳು ತಗುಲಿ, ಹೆಂಡತಿಯ ಬಿಳಿ ಗುಳಿಗೆಯ ಮೇಲೆ ಹಳದಿ ಗುರುತು ಬಿತ್ತು. ಶುಕ್ರವಾರ ಸಂಜೆ ಅದೇ ಗುರುತು ಅದೇ ಬಟ್ಟಲಿನಲ್ಲಿ ಮತ್ತೆ ಕಂಡಿತು. ರಾಯರ ಕೈಯ ಗಂಟೆ ನಿಂತಿತು.

"ಇದು ನಿನ್ನಿ ಗುಳಿಗಿ. ನುಂಗಲಿಲ್ಲೇನು?"

"ದಸರಾದಿಂದ ನುಂಗಿಲ್ರಿ. ಇದೊಂದನ್ನ ಇಡತೀನಿ, ತಗೀತೀನಿ. ಇಬ್ಬರಿಗೂ ತರಲಿಕ್ಕೆ ಆಗೂದಿಲ್ಲ. ನಿಮ್ಮ ಎದಿಯೊಳಗ ಸ್ಟೆಂಟ್ ಅದ. ನನ್ನದೇನು, ಬರೇ ರಕ್ತದ ರಿಪೋರ್ಟು."

"ಒಮ್ಮೆ ಅರ್ಪಿಸಿದ್ದನ್ನ ಮತ್ತ ಅರ್ಪಿಸಬಾರದು, ಗೊತ್ತಿಲ್ಲೇನು?" ಆ ಕ್ಷಣ ರಾಯರಿಗೆ ಬೇರೆ ಮಾತೇ ಹೊಳೆಯಲಿಲ್ಲ.

"ಗೊತ್ತದ. ದಿನಾ ದೇವರಿಗೆ ತಪ್ಪಾತು ಅಂತ ಅಂದೇ ಇಡತೀನಿ. ಅಂವ ಬೈದಿಲ್ಲ, ನೀವೂ ಬೈಬ್ಯಾಡ್ರಿ."

ಇಷ್ಟು ದಿನ ಸಂಜೆ ತಾನು ಗಂಟೆ ಬಾರಿಸಿ ಸಮರ್ಪಿಸುತ್ತಿದ್ದುದು ಈಕೆಯ ಆಯುಷ್ಯವನ್ನೇ ಎಂದು ರಾಯರಿಗೆ ಅರಿವಾಯಿತು. ಕರುಣಾಳುವಾದ ಸ್ವಾಮಿ ಅದನ್ನು ಇನ್ನೂ ಸ್ವೀಕರಿಸದೆ ಉಳಿಸಿದ್ದಾನೆ ಎಂಬುದೊಂದೇ ಸಮಾಧಾನ. ಅವರು ತಮ್ಮ ಹೊಸ ಗುಳಿಗೆಯನ್ನು ಆಕೆಯ ಅಂಗೈಯಲ್ಲಿಟ್ಟು, ನುಂಗುವ ತನಕ ಎದುರು ನಿಂತರು. ಗಂಧದ ಗುರುತಿನದನ್ನು ತಾವು ನುಂಗಿದರು.

"ನಾಳೆ ಔಷಧಕ್ಕ ನಾ ಹೋಗತೀನಿ."

"ಒಬ್ಬರೇ ಹೋಗೂದು ಬ್ಯಾಡ. ನೀವು ನನಗಷ್ಟೇ ತಂದು, ಇಬ್ಬರಿಗೂ ತಂದೀನಿ ಅಂತೀರಿ."

ಮರುದಿನ ಗಾಂಧಿಬಾಗಿನ ಔಷಧದಂಗಡಿಯ ಮುಂದೆ ಇಬ್ಬರೂ ನಿಂತರು. ಗುಳಿಗೆಯ ಪೂರ್ತಿ ಪಟ್ಟಿ ಕೊಳ್ಳಲಾರದವರು ಅಲ್ಲಿ ಕೈಲಾದಷ್ಟು ಗುಳಿಗೆಗಳನ್ನಷ್ಟೇ ಕತ್ತರಿಸಿಕೊಳ್ಳುವುದುಂಟು. ಅಂಗಡಿಯವನು ಕತ್ತರಿ ಎತ್ತಿಕೊಂಡ.

"ಕಿತೀ ಕಾಪೂ, ಕಾಕಾ?"

ಎಷ್ಟು ಕತ್ತರಿಸಲಿ ಎಂದು ಅವನು ಮರಾಠಿಯಲ್ಲಿ ಕೇಳಿದ. ರಾಯರು ಹೆಂಡತಿಯ ಮುಖ ನೋಡಿದರು. ದಮಯಂತಿಬಾಯಿ ಕತ್ತರಿಯನ್ನೇ ನೋಡುತ್ತಿದ್ದರು.