ಪಡುವಣಕ್ಕೆ ಗೋಡೆಯಿಲ್ಲದ ಭವನ

ಯಾವುದೇ ಸಾರ್ವಜನಿಕ ಕಟ್ಟಡದೊಳಗೆ ಹೋದರೂ ನಾನು ಮೊದಲು ಹುಡುಕುವುದು ಕಿಟಕಿಯನ್ನು. ಇದೊಂದು ಚಟ ಎಂದು ನಮ್ಮ ಯಜಮಾನರ ಅಭಿಪ್ರಾಯ. ಅವರು ಟೋಕನ್ ಹಿಡಿದು ಕೌಂಟರಿನ ಮುಂದೆ ನಿಂತಿದ್ದರೆ ನಾನು ಕುತ್ತಿಗೆ ಉದ್ದ ಮಾಡಿ ಹೊರಗೊಂದು ಮರವಾದರೂ ಕಾಣುತ್ತದೆಯೇ ಎಂದು ನೋಡುತ್ತಿರುತ್ತೇನೆ. ತಪ್ಪು ನನ್ನದಲ್ಲ, ಕಾನ್ವೆಂಟಿನದು. ನಮ್ಮ ಸಿಸ್ಟರ್ ಬೆನೆಡಿಕ್ಟಾ ತರಗತಿಗೆ ಕಾಲಿಟ್ಟ ಕೂಡಲೇ ಹೇಳುತ್ತಿದ್ದದ್ದು ಗುಡ್ ಮಾರ್ನಿಂಗ್ ಅಲ್ಲ, "ವಿಂಡೋಸ್, ಗರ್ಲ್ಸ್!" ಎಂದು. ನಾಲ್ಕು ಹುಡುಗಿಯರು ಓಡಿಹೋಗಿ ನಾಲ್ಕು ಕಿಟಕಿ ತೆರೆದ ಮೇಲೆಯೇ ಪ್ರಾರ್ಥನೆ. ದೇವರು ಒಳಗೆ ಬರುವುದು ಆ ದಾರಿಯಿಂದಲೇ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

ಈಗಿನ ಕಟ್ಟಡಗಳಲ್ಲಿ ದೇವರಿಗೆ ದಾರಿ ಕಷ್ಟ. ಕಿಟಕಿ ಇರುತ್ತದೆ, ಇಲ್ಲ ಎನ್ನುವಂತಿಲ್ಲ. ಆದರೆ ಅದಕ್ಕೆ ಬೆನ್ನು ಕೊಟ್ಟು ಒಂದು ಕಬ್ಬಿಣದ ಕಪಾಟು ನಿಂತಿರುತ್ತದೆ. ಒಮ್ಮೆ ಕುಮಟೆಯಲ್ಲಿ ಯಾವುದೋ ಕಾಗದಕ್ಕಾಗಿ ಅರ್ಧ ದಿನ ಕಾದಿದ್ದೆ. ಒಳಗೆ ಕಾಯುವವರಿಗೆಂದು ಸ್ಟೀಲಿನ ಕುರ್ಚಿಗಳ ಸಾಲು ಇತ್ತು, ಒಬ್ಬರೂ ಕೂತಿರಲಿಲ್ಲ. ಎಲ್ಲರೂ ಹೊರಗೆ ಬಾದಾಮಿ ಮರದ ಕೆಳಗೆ. ಜವಾನನೂ ಅಲ್ಲಿಗೇ ಬಂದು ಹೆಸರು ಕರೆಯುತ್ತಿದ್ದ. ಯಾವ ಇಂಜಿನಿಯರೂ ಆ ಮರವನ್ನು ನಕ್ಷೆಯಲ್ಲಿ ಬರೆದಿರಲಾರರು, ಆದರೆ ಆ ಕಚೇರಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಅದೊಂದೇ. ನಮ್ಮ ನಮ್ಮ ಮನೆಗೆ ಜಗಲಿ, ಕಟ್ಟೆ, ಗಾಳಿಗೆ ಎದುರುಬದುರು ಬಾಗಿಲು ಎಂದು ಇಷ್ಟೆಲ್ಲ ಯೋಚಿಸುವ ನಾವು, ಹತ್ತು ಜನ ಸೇರಿ ಹತ್ತು ಜನರಿಗೆಂದು ಕಟ್ಟಲು ಹೊರಟ ಕೂಡಲೇ ಏಕೆ ಬೆಂಕಿಪೊಟ್ಟಣ ಕಟ್ಟುತ್ತೇವೋ ಗೊತ್ತಿಲ್ಲ.

ಹೀಗೆ ಊರಿನ ಕಟ್ಟಡಗಳನ್ನೆಲ್ಲ ಮನಸ್ಸಿನಲ್ಲೇ ಒಡೆದು ಕಟ್ಟುತ್ತಿದ್ದ ನನಗೆ ಒಂದು ಕಟ್ಟಡ ನಿಜವಾಗಿಯೇ ಕೈಗೆ ಸಿಕ್ಕಿತು. ಹೊನ್ನಾವರದಿಂದ ಸ್ವಲ್ಪ ಒಳಗೆ, ಶರಾವತಿಯ ದಡದಲ್ಲಿರುವ ನಮ್ಮ ಕೇರಿಯಲ್ಲಿ ಮಹಿಳಾ ಮಂಡಳಕ್ಕೊಂದು ಭವನ ಕಟ್ಟುವುದೆಂದು ಆಯಿತು. ಹೊಲಿಗೆ ತರಗತಿ, ಮಕ್ಕಳಿಗೆ ಓದುವ ಕೋಣೆ, ಮಧ್ಯಾಹ್ನ ಬಂದು ಕೂರುವವರಿಗೆ ಕೂರಲು ಜಾಗ, ಎಲ್ಲ ಒಂದೇ ಸೂರಿನಡಿ. ಮಂಡಳದ ಅಧ್ಯಕ್ಷರು ಪಾರ್ವತಿ ಅಕ್ಕೋರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು, ಈಗಲೂ ಅವರು ಕೆಮ್ಮಿದರೆ ನಮ್ಮ ಸೆರಗು ತಾನೇ ಸರಿಯಾಗುತ್ತದೆ. ಅವರ ಬಲಗೈ ನಾಗಮ್ಮ, ಒಣಮೀನಿನ ವ್ಯಾಪಾರದವಳು, ಕೇರಿಯ ಯಾವ ಕೆಲಸಕ್ಕೂ ಜನ ಸೇರಿಸಬಲ್ಲವಳು. ನಾನು ಕಟ್ಟಡದ ಸಮಿತಿಗೆ ಸೇರಿದ್ದು ಆರ್ಕಿಟೆಕ್ಟ್ ಜೊತೆ ಇಂಗ್ಲಿಷ್ ಮಾತಾಡಲು. ಆರ್ಕಿಟೆಕ್ಟ್ ಭಟ್ಕಳದ ಹುಡುಗಿ, ಝೀನತ್. ಮೊದಲ ದಿನವೇ, "ಆಂಟಿ, ಕನ್ನಡದಲ್ಲೇ ಮಾತಾಡಿ, ನನಗೂ ಸುಲಭ ಆತದೆ," ಎಂದು ನನ್ನ ನೇಮಕದ ಕಾರಣವನ್ನೇ ಇಲ್ಲದಂತೆ ಮಾಡಿದಳು.

ಅವಳ ಮೊದಲ ನಕ್ಷೆಯಲ್ಲಿ ನಾಲ್ಕು ಗೋಡೆ, ಮೇಲೆ ಗೂಡಿನಂಥ ಕಿಟಕಿ, ಎರಡು ಎಕ್ಸಾಸ್ಟ್ ಫ್ಯಾನ್ ಇದ್ದವು. ಪಾಪ, ಎಲ್ಲ ಸಮಿತಿಗಳೂ ಅದನ್ನೇ ಕೇಳುವುದಂತೆ. ನಾನು ನಿವೇಶನದಲ್ಲಿ ನಿಂತು ನೋಡಿದೆ. ಪಡುವಣಕ್ಕೆ ಹೊಳೆ. ಅದರಾಚೆ ತೆಂಗಿನ ತಲೆಗಳು, ದೂರದಲ್ಲಿ ದೋಣಿಗಳು ಅಳಿವೆಯ ಕಡೆ ಹೋಗುವುದು ಕಾಣುತ್ತಿತ್ತು. ದೀಪಾವಳಿ ಕಳೆದ ಹೊಸದು, ಹಿತವಾದ ಗಾಳಿ. ಸಿಸ್ಟರ್ ಬೆನೆಡಿಕ್ಟಾ ನನ್ನೊಳಗೆ ಎದ್ದು ನಿಂತರು. "ಈ ಬದಿಗೆ ಗೋಡೆಯೇ ಬೇಡ," ಎಂದುಬಿಟ್ಟೆ. "ಮೊಣಕಾಲೆತ್ತರಕ್ಕೆ ಒಂದು ಕಟ್ಟೆ ಸಾಕು. ಕೂತವರಿಗೆ ಹೊಳೆ ಕಾಣಲಿ."

ಝೀನತ್ ಮುಖ ಅರಳಿತು. ಅಕ್ಕೋರು ಕನ್ನಡಕ ಸರಿಮಾಡಿಕೊಂಡು, "ನಿನ್ನ ಹೊಣೆ ಮತ್ತೆ," ಎಂದರು. ನಾನು ಖುಷಿಯಲ್ಲಿ ತಲೆಯಾಡಿಸಿದೆ. ತಲೆಯಾಡಿಸುವಾಗ ಮನುಷ್ಯ ಎಷ್ಟು ಹಗುರಾಗಿರುತ್ತಾನೆ!

ಯುಗಾದಿಯ ಹೊತ್ತಿಗೆ ಭವನ ಎದ್ದು ನಿಂತಿತು. ಚಿರೆಕಲ್ಲಿನ ಮೂರು ಗೋಡೆ, ಹಂಚಿನ ಮಾಡು, ಅಂಗಳದ ಸುರಹೊನ್ನೆ ಮರವನ್ನು ಕಡಿಯದೆ ಅದಕ್ಕೆ ಜಾಗ ಬಿಟ್ಟು ಬಾಗಿಸಿದ ಜಗಲಿ. ನಾಲ್ಕನೆಯ ಗೋಡೆಯ ಜಾಗದಲ್ಲಿ ಹೊಳೆ. ಜನ ಬಂದರು, ಕೆಲಸವಿಲ್ಲದಿದ್ದರೂ ಬಂದರು. ಹೊಲಿಗೆ ಕಲಿಯಲು ಬಂದವರು ದಾರ ಪೋಣಿಸುವುದನ್ನು ಮರೆತು ಮಿಂಚುಳ್ಳಿ ನೋಡುತ್ತಿದ್ದರು. ಸೊಸೆಯ ಜೊತೆ ಮಾತು ಬಿಟ್ಟ ಅಜ್ಜಿಯೊಬ್ಬರು ದಿನಾ ಮೂರು ಗಂಟೆಗೆ ಬಂದು ಕಟ್ಟೆಯ ಮೂಲೆ ಹಿಡಿದು, ಐದಕ್ಕೆ ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಅವರಿಗೆ ಯಾರೂ ಏನೂ ಹೇಳಿರಲಿಲ್ಲ, ಎದುರಿಗೆ ನೀರು ಹರಿಯುತ್ತಿತ್ತು, ಅಷ್ಟೆ. ನಾನು ಆ ದಿನಗಳಲ್ಲಿ ಸ್ವಲ್ಪ ಉಬ್ಬಿಹೋಗಿದ್ದೆ ಎಂದು ಒಪ್ಪಿಕೊಳ್ಳಬೇಕು. ಕೇಳದವರಿಗೂ ಕಟ್ಟಡವನ್ನು ವಿವರಿಸುತ್ತಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ಮನೆಯ ಪಡು ಜಗಲಿಗೆ ತಟ್ಟಿ ಕಟ್ಟಿಸುತ್ತಿದ್ದೆ. ನಮ್ಮ ಕಡೆ ಇದು ಪ್ರತಿವರ್ಷದ ಕೆಲಸ. ತೆಂಗಿನ ಮಡಲನ್ನು ನೀರಲ್ಲಿ ನೆನೆಹಾಕಿ, ಹೆಣೆದು, ಬಿದಿರಿನ ಗಳಕ್ಕೆ ಬಿಗಿದು ಜಗಲಿಗೆ ಪರದೆಯ ಹಾಗೆ ಕಟ್ಟುವುದು. ಇಲ್ಲಿಯ ಮಳೆ ಮೇಲಿನಿಂದ ಕೆಳಗೆ ಬೀಳುವ ಮಳೆಯಲ್ಲ. ಕಡಲ ಕಡೆಯಿಂದ ಅಡ್ಡಡ್ಡ ಬರುತ್ತದೆ, ಚಪ್ಪಲಿ ಬಿಡದೆ ಸೀದಾ ನಡುಮನೆಗೆ ನುಗ್ಗುತ್ತದೆ. ತಟ್ಟಿಯ ಒಂದು ತುದಿ ಹಿಡಿದು ನಿಂತಿದ್ದ ನನ್ನ ಕೈ ಹಾಗೇ ನಿಂತುಹೋಯಿತು. ಭವನ! ಪೂರ್ತಿ ಪಡುವಣಕ್ಕೆ ಬಾಯಿ ತೆರೆದು ಕೂತ ಭವನ. ಕಟ್ಟೆಯ ಪಕ್ಕದಲ್ಲೇ ಹೊಲಿಗೆ ಯಂತ್ರಗಳು, ಅದರ ಹಿಂದೆ ಮಕ್ಕಳ ಪುಸ್ತಕಗಳು. ದೀಪಾವಳಿಯ ಮೇಲೆ ಹುಟ್ಟಿ ಯುಗಾದಿಗೆ ದೊಡ್ಡದಾದ ಆ ಕಟ್ಟಡ ಮಳೆಯ ಮುಖವನ್ನೇ ನೋಡಿರಲಿಲ್ಲ. ಅದನ್ನು ಕಟ್ಟಿಸಿದ ನಾವು ಹುಟ್ಟಿದಾಗಿನಿಂದ ನೋಡಿದ್ದೆವು, ಆದರೂ ಒಬ್ಬರ ಬಾಯಲ್ಲೂ ಮಳೆಯ ಮಾತು ಬಂದಿರಲಿಲ್ಲ.

ಒಂದು ವಾರ ಯಾರಿಗೂ ಹೇಳಲಿಲ್ಲ. ಮೊಬೈಲಿನಲ್ಲಿ ಹವಾಮಾನ ನೋಡುವುದೇ ಕೆಲಸವಾಯಿತು. ಮುಂಗಾರು ತಡವಾಗಬಹುದೆಂಬ ಸುದ್ದಿ ಬಂದ ದಿನ ಇಡೀ ಜಿಲ್ಲೆಯಲ್ಲಿ ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು. ನನಗೆ ಹೆದರಿಕೆ ಪುಸ್ತಕ ಒದ್ದೆಯಾಗುವುದರದ್ದಷ್ಟೇ ಅಲ್ಲ. ಬಾಯಿಬಿಟ್ಟರೆ ಅಕ್ಕೋರು ಏನು ಮಾಡುತ್ತಾರೆಂದು ಗೊತ್ತಿತ್ತು. ಮರುದಿನವೇ ಗೋಡೆ ಏಳುತ್ತದೆ, ಆ ಅಜ್ಜಿ ಐದು ಗಂಟೆಯವರೆಗೆ ಸುಣ್ಣ ನೋಡುತ್ತ ಕೂರಬೇಕಾಗುತ್ತದೆ. ಒಮ್ಮೆ ಎದ್ದ ಗೋಡೆಯನ್ನು ಗಾಳಿ ಬೇಕೆಂದು ಒಡೆದ ಊರನ್ನು ನಾನಂತೂ ಕಂಡಿಲ್ಲ.

ಕೊನೆಗೆ ಭಟ್ಕಳಕ್ಕೆ ಹೋಗಿ ಝೀನತ್ ಎದುರು ತಪ್ಪೊಪ್ಪಿಕೊಂಡೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

"ಎಂತ ಆಂಟಿ, ತಟ್ಟಿ ಕಟ್ಟುದಿಲ್ವಾ ನೀವು?"

"ಭವನಕ್ಕಾ?"

"ಮತ್ತೆ? ನಮ್ಮ ಅಜ್ಜಿ ಮನೇಲಿ ರಂಜಾನ್ ಯಾವ ತಿಂಗಳಿಗೇ ಬರ್ಲಿ, ತಟ್ಟಿ ಮೇ ತಿಂಗಳಿಗೇ. ನಾನು ಮಾಡಿನ ಇಳಿಜಾರು ಉದ್ದ ಬಿಟ್ಟದ್ದು ಅದಕ್ಕೇ ಅಲ್ವಾ? ನಿಮ್ಮೂರೋರಿಗೆ ತಟ್ಟಿ ಕಟ್ಟಿ ಅಂತ ನಾನು ಹೇಳ್ಬೇಕಾ?"

ಅವಳಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನಿಸಿರಲಿಲ್ಲ. ನಮಗೆ ನಕ್ಷೆ, ಸೀಲು, ಸಹಿ ಎಲ್ಲ ಇರುವ ಕಟ್ಟಡದಲ್ಲಿ ಮಡಲಿಗೆ ಜಾಗವಿದೆ ಎಂದೇ ಅನಿಸಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಹೇಳದಿದ್ದರೆ ಹೀಗೇ ಆಗುವುದು.

ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅವಳು ನನ್ನನ್ನು ಹತ್ತಿರದ ಹಳೆಯ ಕಲ್ಲಿನ ದೇವಸ್ಥಾನವೊಂದಕ್ಕೆ ಕಳಿಸಿದಳು. "ಗೋಡೆ ಮುಟ್ಟಿ ನೋಡಿ ಬನ್ನಿ," ಎಂದಷ್ಟೇ ಹೇಳಿದಳು. ಭಟ್ಕಳದ ಈ ದೇವಸ್ಥಾನಗಳ ಹೆಚ್ಚುಗಾರಿಕೆ ಗೊತ್ತಿರುವವರಿಗೆ ಗೊತ್ತು. ಮಾಡು ಇಳಿಜಾರು, ನಮ್ಮ ಮನೆಗಳ ಮಾಡಿನಂತೆಯೇ, ಆದರೆ ಹಂಚಿನ ಬದಲು ಕಲ್ಲಿನ ಹಾಸು. ಸುತ್ತ ಗೋಡೆಯ ಬದಲು ಕಂಬದಿಂದ ಕಂಬಕ್ಕೆ ಜೋಡಿಸಿದ ಕಲ್ಲಿನ ಅಡ್ಡಪಟ್ಟಿಗಳು, ನಡುನಡುವೆ ಬೆರಳು ಹೋಗುವಷ್ಟು ಸಂದು. ಹೊರಗೆ ಬಿಸಿಲು ಧಗಧಗಿಸುತ್ತಿತ್ತು. ಸಂದಿಗೆ ಕೈಯಿಟ್ಟೆ, ತಣ್ಣನೆಯ ಗಾಳಿ. ಮಳೆ ನಿಲ್ಲಬೇಕು, ಗಾಳಿ ಬರಬೇಕು, ಒಳಗಿನವರಿಗೆ ಹೊರಗೊಂದು ಲೋಕವಿದೆ ಎಂದು ತಿಳಿಯುತ್ತಿರಬೇಕು. ಶತಮಾನಗಳ ಹಿಂದೆ ಯಾರೋ ಶಿಲ್ಪಿಗಳು ದೇವರಿಗೆ ತಟ್ಟಿ ಕಟ್ಟಿದ್ದರು, ಕಲ್ಲಿನಲ್ಲಿ. ಅವರಿಗೆ ಅದರಲ್ಲಿ ನಾಚಿಕೆಯೇನೂ ಇದ್ದಂತಿರಲಿಲ್ಲ.

ಮರುದಿನವೇ ಸಭೆ ಕರೆಸಿದೆ. ತಪ್ಪು ಹೇಳಿಕೊಂಡೆ. ನಾನು ಹೆದರಿದಂತೆಯೇ ಆಯಿತು.

"ಗೋಡೆ ಕಟ್ಟಿಸಿಬಿಡುವ," ಎಂದರು ಅಕ್ಕೋರು. "ಉಳಿದ ಕಲ್ಲು ಅಂಗಳದಲ್ಲೇ ಅದೆ. ಮೇಸ್ತ್ರಿಗೆ ಈಗಲೇ ಫೋನ್ ಮಾಡ್ತೆ."

"ತಟ್ಟಿ ಕಟ್ಟಿದರೆ?" ಎಂದೆ.

"ಎಂತ ಮಾತಾಡ್ತೆ ನೀನು? ಅಷ್ಟು ಜನ ಬಂದು ಉದ್ಘಾಟನೆ ಮಾಡಿದ ಭವನಕ್ಕೆ ಮಡಲು ಹೊದಿಸೂದಾ? ನೋಡಿದವರು ಒಣಮೀನಿನ ಮನೆ ಅಂತಾರೆ."

ಹಿಂದಿನ ಸಾಲಿನಿಂದ ನಾಗಮ್ಮ, "ಒಣಮೀನಿನ ಮನೇಲಿ ಮೀನು ಮಳೆಗೆ ಚಂಡಿ ಆಗುದಿಲ್ಲ ಅಕ್ಕೋರೆ," ಎಂದಳು. "ನಿಮ್ಮ ಭವನದಾಗೆ ಪುಸ್ತಕ ಚಂಡಿ ಆತದೆ."

ಎಲ್ಲರೂ ನಕ್ಕರು. ಅಕ್ಕೋರು ನಗಲಿಲ್ಲ, ಫೋನು ಕೈಯಲ್ಲೇ ಇತ್ತು. ನಾನು ಸಣ್ಣ ದನಿಯಲ್ಲಿ, "ಅಕ್ಕೋರೆ, ಭಟ್ಕಳದ ಆ ಕಲ್ಲಿನ ದೇವಸ್ಥಾನಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದಿರಲ್ಲ, ಅಲ್ಲಿ ಕಂಬಗಳ ನಡುವಿನದ್ದನ್ನು ಏನೆಂದು ಹೇಳಿಕೊಡುತ್ತಿದ್ದಿರಿ?" ಎಂದೆ.

ಅಕ್ಕೋರು ಫೋನಿನಿಂದ ತಲೆ ಎತ್ತಿದರು. ಮೂವತ್ತು ವರ್ಷದ ಪಾಠ ಅವರ ಮುಖದ ಮೇಲೆ ಹಾದುಹೋದದ್ದು ನನಗೆ ಕಾಣಿಸಿತು. "ನಮ್ಮ ಕರಾವಳಿಯ ಮನೆಕಟ್ಟುವ ಕ್ರಮವನ್ನೇ ಕಲ್ಲಿಗೆ ಇಳಿಸಿದ್ದಾರೆ ಅಂತ," ಎಂದು ಒಪ್ಪಿಸಿದರು, ವಿದ್ಯಾರ್ಥಿನಿಯ ಹಾಗೆ. ಫೋನು ಚೀಲಕ್ಕೆ ಹೋಯಿತು. "ಒಂದು ಮಳೆ ನೋಡುವ. ಒಂದು ಪುಸ್ತಕ ಒದ್ದೆಯಾದರೂ ಗೋಡೆಯೇ ಸೈ."

ಒಂದು ಮಳೆಯ ಗಡುವು. ಆದರೆ ಮಡಲು ನೆನೆಯಲೇ ದಿನಗಟ್ಟಲೆ ಬೇಕು, ಆಕಾಶ ಆಗಲೇ ಮುಖ ಊದಿಸಿಕೊಂಡಿತ್ತು. ನಾನು ಲೆಕ್ಕ ಹಾಕುತ್ತ ಬೆವರುತ್ತಿದ್ದೆ. ನಾಗಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಮಡ್ಲು ನೆನೆಹಾಕಿ ಹದಿನೈದು ದಿನ ಆತು ಅಮ್ಮ. ಹೊಳೆ ಬದೀಲೇ ಅದೆ."

"ನಿಮ್ಮ ಮನೆಗಾ?"

"ನಮ್ಮನೆಗೆ ಅಷ್ಟೆಲ್ಲ ಎಂತಕೆ? ಇದ್ಕೇ. ಓದ್ದೋರು ಕಟ್ಸಿದ್ದು, ಬೇರೆ ಎಂತಾದ್ರೂ ಮಾಡ್ತ್ರು ಅಂತ ಸುಮ್ನಿದ್ದೆ. ನೀವು ಕೇಳ್ದೇ ನಾ ಎಂತ ಹೇಳುದು?"

ಆ ಕ್ಷಣ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ನನ್ನ ಕಾನ್ವೆಂಟ್ ಶಿಸ್ತು ಅಡ್ಡ ಬಂದು, "ಥ್ಯಾಂಕ್ಸ್ ನಾಗಮ್ಮ," ಎಂದಷ್ಟೇ ಹೇಳಿದೆ. ಅವಳಿಗೆ ನಗು ಬಂತು.

ಎರಡು ಮಧ್ಯಾಹ್ನ ಇಡೀ ಮಂಡಳ ಸುರಹೊನ್ನೆಯ ಕೆಳಗೆ ಕೂತು ಹೆಣೆಯಿತು. ನನಗೆ ಕಸೂತಿ ಗೊತ್ತು, ಕ್ರೋಶಾ ಗೊತ್ತು, ಮಡಲು ಹೆಣೆಯಲು ಮಾತ್ರ ಗೊತ್ತಿರಲಿಲ್ಲ. ನಾನು ಹೆಣೆದ ತಟ್ಟಿಯನ್ನು ನಾಗಮ್ಮ ಎತ್ತಿ ಹಿಡಿದು, ಅದರ ತೂತಿನಿಂದ ನನ್ನನ್ನೇ ನೋಡಿ, ಪೂರ್ತಿ ಬಿಚ್ಚಿ ಮತ್ತೆ ಹೆಣೆದಳು. ಆ ಅಜ್ಜಿ ಮಾತುಬಿಟ್ಟ ಸೊಸೆಯೂ ಬಂದಿದ್ದಳು. ಅತ್ತೆ ಒಂದು ತುದಿ, ಅವಳು ಇನ್ನೊಂದು ತುದಿ ಹಿಡಿದರು. ಮಾತಾಡಿದರೋ ಇಲ್ಲವೋ ನಾನು ನೋಡಲಿಲ್ಲ, ತಟ್ಟಿಯಂತೂ ನೇರವಾಗಿ ಬಂತು.

ಮೂರನೆಯ ದಿನ ಬೆಳಿಗ್ಗೆ ತಟ್ಟಿಗಳನ್ನು ಕಟ್ಟೆಯ ಮೇಲೆ ಬಿಗಿದದ್ದಾಯಿತು. ಮಧ್ಯಾಹ್ನ ಮಳೆ ಬಂತು, ನೆಂಟರ ಹಾಗೆ ಅಲ್ಲ, ಜಪ್ತಿಗೆ ಬಂದವರ ಹಾಗೆ. ಕೊಡೆ ತಿರುಗುಮುರುಗಾದರೂ ಬಿಡದೆ ಓಡಿದೆ. ಹೋಗಿ ನೋಡಿದರೆ ನನಗಿಂತ ಮೊದಲೇ ಎಲ್ಲರೂ ಬಂದಿದ್ದರು. ಎಲ್ಲರ ಕಣ್ಣೂ ತಟ್ಟಿಯ ಮೇಲೆ. ಗಾಳಿ ತಟ್ಟಿಯನ್ನು ಒಳಕ್ಕೆ ಉಬ್ಬಿಸಿ ಬಿಡುತ್ತಿತ್ತು, ತಟ್ಟಿ ಉಸಿರಾಡಿದಂತೆ ಹಿಂದೆ ಸರಿಯುತ್ತಿತ್ತು. ನೆಂದ ಮಡಲಿನ ವಾಸನೆ ಕೋಣೆಯ ತುಂಬ. ಕಟ್ಟೆಯ ಮೇಲೆ ಸಣ್ಣ ಎರಚಲು, ಅಷ್ಟೆ. ಅಕ್ಕೋರು ಪುಸ್ತಕಗಳ ಬೆನ್ನ ಮೇಲೆ ಒಂದೊಂದಾಗಿ ಅಂಗೈ ಆಡಿಸಿದರು, ಹೊಲಿಗೆ ಯಂತ್ರಗಳ ಕೆಳಗೆ ಬಗ್ಗಿ ನೋಡಿದರು, ಪರೀಕ್ಷೆಯಲ್ಲಿ ಮಕ್ಕಳ ಡೆಸ್ಕು ನೋಡುತ್ತಿದ್ದ ಹಾಗೆಯೇ. ಕೊನೆಗೆ ಕೈಯನ್ನು ಸೀರೆಗೆ ಒರೆಸಿಕೊಳ್ಳುವ ಅಗತ್ಯವಿಲ್ಲದೆ ನಮ್ಮ ಕಡೆ ತಿರುಗಿದರು.

"ಒಣಗೇ ಅದೆ," ಎಂದರು.

ನಾನು ಸಿಕ್ಕಿದ ಕುರ್ಚಿ ಎಳೆದು ಕೂತೆ. ಬಹುಶಃ ಎಲ್ಲ ಋತುವಿಗೂ ಒಂದೇ ಮುಖ ತೋರಿಸುವ ಕಟ್ಟಡ ಬೇಕೆಂಬ ಆಸೆಯೇ ನಮ್ಮ ತೊಂದರೆ. ಏಳೆಂಟು ತಿಂಗಳು ತೆರೆದು, ಮಳೆಗಾಲಕ್ಕೆ ಹೊದ್ದು, ನವರಾತ್ರಿಗೆ ಮತ್ತೆ ಮುಸುಕು ತೆಗೆದರಾಯಿತು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಕೈಯಾಡಿಸಬೇಕಾದ ಕಟ್ಟಡವನ್ನು ಯಾರೂ ಸುಲಭಕ್ಕೆ ಮರೆಯಲಾರರು.

ಚಹಾ ಬಂತು. ಅಕ್ಕೋರು ತಮ್ಮ ಕುರ್ಚಿಯನ್ನು ತಟ್ಟಿಯ ಹತ್ತಿರಕ್ಕೆ ಎಳೆದುಕೊಂಡರು. ಯಾರೂ ನೋಡುತ್ತಿಲ್ಲವೆಂದುಕೊಂಡು ಎರಡು ಗರಿಗಳ ನಡುವೆ ಬೆರಳು ತೂರಿಸಿ ಸಂದು ಮಾಡಿ, ಒಂದು ಕಣ್ಣು ಮುಚ್ಚಿ ಹೊರಗೆ ನೋಡಿದರು.

"ಹೊಳೆ ಕೆಂಪಾತು," ಎಂದರು ತಮ್ಮಷ್ಟಕ್ಕೇ.

"ಅಕ್ಕೋರೆ, ತಟ್ಟಿ ಹರೀಬೇಡಿ," ಎಂದಳು ನಾಗಮ್ಮ ಚಹಾದ ಲೋಟದ ಮೇಲಿಂದ. "ನಿಮಗೆ ಹೊಳೆ ಕಾಣ್ಬೇಕಾದ್ರೆ ಮುಂದಿನ ವರ್ಷ ಕಿಟ್ಕಿ ಬಿಟ್ಟೇ ಹೆಣೀತೆ."

ಅಕ್ಕೋರು ಬೆರಳು ತೆಗೆಯಲಿಲ್ಲ. "ಸ್ವಲ್ಪ ದೊಡ್ಡದೇ ಬಿಡು," ಎಂದರು.