ಮಾವ ಕುಣಿದ ರೇಸು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾಲು ಮುರಿದುಕೊಂಡು ಮಣಿಪಾಲದ ಆಸ್ಪತ್ರೆಯಲ್ಲಿದ್ದೆ. ಬೊಂಬಾಯಿಯ ಹೋಟೆಲಿನಲ್ಲಿ ಅಡುಗೆಯವರಾಗಿದ್ದ ಸೋದರಮಾವ ರಜೆಯಲ್ಲಿ ಕಾಪುವಿಗೆ ಬಂದವರು ನನ್ನನ್ನು ನೋಡಲು ಬಂದರು. ಬಾಯಿ ತೆರೆದರೆ ಕುದುರೆ ರೇಸಿನ ಸುದ್ದಿ ಹೇಳಿ ಅಮ್ಮನಿಗೆ ರೋಸಿಹೋಗುವಂತೆ ಮಾಡುತ್ತಿದ್ದ ಮನುಷ್ಯ, ಅಂದು ನನ್ನ ಪ್ಲಾಸ್ಟರನ್ನೇ ನೋಡುತ್ತ ಕುಳಿತರು.

"ರೇಸು ಬಿಟ್ಟಿರಾ ಮಾವ?" ಎಂದೆ.

"ಬಿಟ್ಟೆ. ಒಂದು ದಿನ ಎಲ್ಲಕ್ಕಿಂತ ಮುಂದಿದ್ದ ಕುದುರೆಯ ಕಾಲು ಓಡುವಾಗಲೇ ಮುರಿಯಿತು. ನಾನು ಬೇಲಿ ಹಾರಿ ಹೋದೆ. ನಿನ್ನ ಅಜ್ಜ ಊರಿನ ಕೋಣಗಳ ಮುರಿದ ಕಾಲಿಗೆ ಕಟ್ಟುತ್ತಿದ್ದರಲ್ವಾ, ಹಾಗೆ ಬಿದಿರಿನ ದಬ್ಬೆ ಕಟ್ಟಿದರೆ ಕೂಡಿಕೊಳ್ತದೆ ಅಂತ ಹೇಳಿದೆ. ಕಾವಲಿನವರು ನಕ್ಕು ಹೊರಗೆ ದಬ್ಬಿದರು. ಸುತ್ತ ಪರದೆ ಹಿಡಿದು ಕುದುರೆಗೆ ಗುಂಡು ಹೊಡೆದರು ಮಾರಾಯ. ಜನ ಆಗಲೇ ಮುಂದಿನ ರೇಸಿಗೆ ಕುದುರೆ ಆರಿಸಲು ಪುಸ್ತಕ ಬಿಡಿಸಿದ್ದರು."

"ನೀವೊಬ್ಬರಾದರೂ ಓಡಿದಿರಲ್ಲ" ಎಂದೆ, ಸಮಾಧಾನಕ್ಕೆ.

ಮಾವ ನನ್ನ ಹೊದಿಕೆ ಸರಿಮಾಡಿದರು.

"ಓಡಿದ್ದು ಆಮೇಲೆ. ನಾನು ಹಣ ಹಾಕಿದ್ದ ಕುದುರೆ ಅದರ ಹಿಂದೆ ಇತ್ತು. ಮುಂದಿನದು ಬಿದ್ದದ್ದರಿಂದ ನನ್ನದು ಗೆದ್ದಿತು. ಮೊದಲು ನಾನು ಕುಣಿದೆ."