ಹತ್ತು ಮೀಟರಿನ ಹಗೆ

ದೊಡ್ಡ ಮನಸ್ಸು ಮಾಡಿ ಮರೆತುಬಿಡು ಎಂದು ನನಗೆ ಬುದ್ಧಿ ಹೇಳಿದವರು ಬಹಳ ಜನ. ಅವರಲ್ಲಿ ಯಾರ ಬಂದೂಕನ್ನೂ ಯಾರೂ ಚಪ್ಪಲಿ ಸಾಲಿನ ಪಕ್ಕ ಇಡಿಸಿರಲಿಲ್ಲ. ಕಾಲು ಸುಟ್ಟುಕೊಂಡವಳು ನಾನು, ತಣ್ಣೀರಿನ ಉಪದೇಶ ಅವರದು. ನಾನು ಮರೆಯಲಿಲ್ಲ. ಮರೆಯುವ ಬದಲು ಬೋಗಾದಿಯ ನಮ್ಮ ಖಾಲಿ ಸೈಟಿನಲ್ಲಿ ಗುರಿ ಹೊಡೆಯುವ ಜಾಗವೊಂದನ್ನು ಕಟ್ಟಿದೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರಾಗಿ ನಿವೃತ್ತಳಾದವಳು. ಕಾಲೇಜಿನ ದಿನಗಳಲ್ಲಿ ಎನ್‌ಸಿಸಿಯಲ್ಲಿದ್ದಾಗ ರೈಫಲ್ ಹಿಡಿದಿದ್ದೆ. ಮದುವೆ, ಮಕ್ಕಳು, ವರ್ಗಾವಣೆ ಎಂದು ಅದು ಕೈಬಿಟ್ಟು ಹೋಗಿತ್ತು. ನಿವೃತ್ತಿಯಾದ ಮೇಲೆ ಒಂದು ಗಾಳಿ ಬಂದೂಕು ಕೊಂಡೆ. ಹತ್ತು ಮೀಟರ್ ದೂರದ ಕಾಗದದ ಗುರಿಗೆ ಸೀಸದ ಸಣ್ಣ ಗುಂಡು ಹೊಡೆಯುವ ಸ್ಪರ್ಧೆಯ ಬಂದೂಕು ಅದು. ಊರಿನ ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿದೆ. ಸ್ಕೂಟರಿನ ಹಿಂದೆ ಉದ್ದನೆಯ ಚೀಲ ಕಟ್ಟಿಕೊಂಡು ಕುಂಬಾರಕೊಪ್ಪಲಿನ ಮನೆಯಿಂದ ಹೊರಟರೆ, ಬೀದಿಯವರು ನಾನು ವೀಣೆ ಕ್ಲಾಸಿಗೆ ಹೋಗುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.

ಆ ಕ್ಲಬ್ಬಿನ ಕಾರ್ಯದರ್ಶಿ ನಿವೃತ್ತ ಎಂಜಿನಿಯರು. ಕೆನ್ನೆ ತುಂಬ ಮೀಸೆ. ಅವರ ತಾತ ಅರಮನೆಯ ಚಾಕರಿಯಲ್ಲಿದ್ದರಂತೆ. ಆ ತಾತನನ್ನು ದಿನಕ್ಕೊಮ್ಮೆಯಾದರೂ ಮಾತಿನಲ್ಲಿ ತರದಿದ್ದರೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಹಿರಿಯರ ವಿಭಾಗದಲ್ಲಿ ಗೆದ್ದವರಿಗೆ ಕೊಡುವ ಕಪ್ಪು ಪ್ರತಿ ದಸರೆಗೂ ಅವರ ಮನೆಗೇ ಹೋಗುತ್ತಿತ್ತು. ನಾನು ಸೇರಿದ ಹೊಸದರಲ್ಲಿ ಬಹಳ ವಿನಯದಿಂದ ಕೇಳಿದರು.

"ನಿಮ್ಮದು ಯಾವ ಕಡೆ ಅಂದ್ರಿ ಅಮ್ಮಾ?"

"ನಂಜನಗೂಡು ಕಡೆ ಸಾರ್."

"ಅದು ಸರಿ. ನಂಜನಗೂಡಲ್ಲಿ ಯಾವ ಬೀದಿ?"

ಈ ಪ್ರಶ್ನೆಯನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಊರಿನ ಹೆಸರು ಹೇಳಿದ ಮೇಲೂ ಬೀದಿ ಕೇಳುವವರಿಗೆ ಬೇಕಾದ್ದು ವಿಳಾಸವಲ್ಲ. ನಮ್ಮ ಕೇರಿ ಊರಾಚೆ ಇತ್ತು ಎಂದು ನೇರವಾಗಿಯೇ ಹೇಳಿದೆ. "ಓಹೋ, ಸಂತೋಷ" ಎಂದರು. ಆಮೇಲೆ ಅವರು ನನ್ನ ಕೈಯಿಂದ ಗುಂಡಿನ ಡಬ್ಬಿ ತೆಗೆದುಕೊಳ್ಳಬೇಕಾದಾಗಲೆಲ್ಲ "ಅಲ್ಲೇ ಮೇಜಿನ ಮೇಲಿಡಿ" ಎನ್ನುತ್ತಿದ್ದರು.

ಆಯುಧಪೂಜೆಯ ದಿನ ಕ್ಲಬ್ಬಿನಲ್ಲಿ ಉದ್ದದ ಮೇಜಿಗೆ ಕೆಂಪು ಬಟ್ಟೆ ಹಾಸಿ, ಎಲ್ಲರ ಬಂದೂಕುಗಳನ್ನೂ ಸಾಲಾಗಿ ಇಟ್ಟು, ಗಂಧ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕುತ್ತಾರೆ. ನಾನು ದೇವರಾಜ ಮಾರ್ಕೆಟ್ಟಿನಿಂದ ಎರಡು ಕುಕ್ಕೆ ಹೂವು, ಒಂದು ಬೂದುಗುಂಬಳ ತಂದಿದ್ದೆ. ಹೂವು ತೆಗೆದುಕೊಂಡರು. ಕುಂಬಳಕಾಯಿಯನ್ನೂ ತೆಗೆದುಕೊಂಡರು. ನಾನು ಚೀಲ ಬಿಚ್ಚಿ ನನ್ನ ಬಂದೂಕನ್ನು ಮೇಜಿನ ಹತ್ತಿರ ತಂದಾಗ ಕಾರ್ಯದರ್ಶಿ ಅಡ್ಡ ಬಂದರು.

"ಹೆಂಗಸರ ಕೈಯ ಆಯುಧ ಪೂಜೆಗಿಡೋ ಪದ್ಧತಿ ನಮ್ಮಲ್ಲಿಲ್ಲಮ್ಮ. ಅಲ್ಲಿಡಿ, ಆಮೇಲೆ ನೋಡೋಣ."

ಅವರು ತೋರಿಸಿದ್ದು ಬಾಗಿಲ ಬಳಿಯ ಬೆಂಚು. ಅದರ ಕೆಳಗೂ ಮುಂದೂ ಎಲ್ಲರ ಚಪ್ಪಲಿ. ನಾನು ಇಟ್ಟೆ. ಇಟ್ಟು ತಿರುಗಿ ನೋಡಿದರೆ, ಕೆಂಪು ಬಟ್ಟೆಯ ಮೇಲೆ ಡಾಕ್ಟರೊಬ್ಬರ ಹೆಂಡತಿಯ ಪಿಸ್ತೂಲು ನಾನು ತಂದ ಹೂವನ್ನೇ ಮುಡಿದು ಕೂತಿತ್ತು. ಆಕೆ ಗಂಡಸೇ? ಮಂಗಳಾರತಿ ಆಗುವವರೆಗೂ ನಿಂತಿದ್ದೆ. ಆ "ಆಮೇಲೆ" ಬರಲೇ ಇಲ್ಲ. ಅಲ್ಲಿದ್ದ ಮೂವತ್ತು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟದ್ದು ಸಿಹಿ ಹಂಚಿದಾಗ ಮಾತ್ರ.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆಗೆ ಎಂಬತ್ತು ದಾಟಿದೆ. ಕಿವಿ ಮಂದ, ನೆನಪು ಚೂಪು. ಎರಡು ಸಲ ಹೇಳಿಸಿಕೊಂಡು ಕೇಳಿದರು.

"ಎಲ್ಲಿಕ್ಕಿಸ್ದ ಅಂದೆ?"

"ಚಪ್ಪಲಿ ಪಕ್ಕ ಅತ್ತೆ."

"ನೀ ತಂದ ಹೂವ ಏನ್ ಮಾಡ್ದ?"

"ಇಟ್ಕೊಂಡ್ರು."

ಅತ್ತೆ ಎಲೆಯಡಿಕೆ ಉಗುಳಿ ಬಂದರು. "ಹೂವ ಆಯ್ತದೆ, ಬಂದೂಕ ಆಗಕಿಲ್ಲ. ಅವ್ನ ಮೀಸೆ ಮಣ್ಣಾಗ. ಬುಡಬ್ಯಾಡ ಕಣವ್ವ" ಎಂದರು. ಅಷ್ಟು ಜನ ಬುದ್ಧಿ ಹೇಳಿದರಲ್ಲ, ನನ್ನ ಹೊಟ್ಟೆಗೆ ಇಳಿದದ್ದು ಇದೊಂದೇ ಮಾತು.

ಮರುದಿನವೇ ಕ್ಲಬ್ ಬಿಟ್ಟೆ. ಅಲ್ಲಿ ದಸರೆಯ ಮರುವಾರ ನಡೆಯುವ ಸ್ಪರ್ಧೆಗೆ ಹೊರಗಿನವರೂ ಹೆಸರು ಕೊಡಬಹುದು. ಮುಂದಿನ ವರ್ಷ ಅದೇ ಸ್ಪರ್ಧೆಯಲ್ಲಿ, ಅದೇ ಜನರೆದುರಿಗೆ, ಈ ಮನುಷ್ಯನನ್ನು ಸೋಲಿಸಬೇಕು. ನನಗೆ ಬೇರೆ ಏನೂ ಬೇಕಿರಲಿಲ್ಲ. ಅಭ್ಯಾಸಕ್ಕೆ ಜಾಗ ಬೇಕಿತ್ತು ಅಷ್ಟೆ.

ಬೋಗಾದಿಯ ಸೈಟು ಮೂವತ್ತು-ನಲವತ್ತರದು. ಅದರ ಉದ್ದದಲ್ಲಿ ಹತ್ತು ಮೀಟರ್ ಹೋಗಿ, ನಿಲ್ಲುವುದಕ್ಕೂ ಜಾಗ ಉಳಿಯುತ್ತದೆ. ಮೊದಲು ಪೊಲೀಸ್ ಠಾಣೆಗೆ ಹೋಗಿ ಬಂದೂಕು ತೋರಿಸಿ ವಿಷಯ ಹೇಳಿ ಬಂದೆ. ಇಂಥ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ, ಆದರೆ ಒಂದು ಗುಂಡೂ ಕಾಂಪೌಂಡ್ ದಾಟಬಾರದು ಎಂದರು. ಅಕ್ಕಪಕ್ಕದ ಮನೆಗಳಿಗೂ, ಎದುರಿನ ಪಿ.ಜಿ.ಗೂ ಹೋಗಿ ತಿಳಿಸಿದೆ. ಪಿ.ಜಿ.ಯ ಹುಡುಗಿಯರಿಗೆ ಭಯವಾಗಲಿಲ್ಲ, ಖುಷಿಯಾಯಿತು. "ಆಂಟಿ, ಯಾರನ್ನ ಹೊಡೀಬೇಕು?" ಎಂದು ಕೇಳಿದರು. ಕಾಗದ ಎಂದೆ. ಪೂರ್ತಿ ನಿಜವೇನಲ್ಲ.

ಯಾವ ದಿಕ್ಕಿಗೆ ಹೊಡೆಯುವುದು ಎಂಬುದರ ಮೇಲೆ ನನಗೂ ಅತ್ತೆಗೂ ಜಗಳವಾಯಿತು. ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ಬೆನ್ನ ಹಿಂದಿರುತ್ತದೆ, ಗುರಿ ಚೆನ್ನಾಗಿ ಕಾಣುತ್ತದೆ ಎಂಬುದು ನನ್ನ ಲೆಕ್ಕ. ಅತ್ತೆ ದಿನಾ ಬೆಳಿಗ್ಗೆ ಟಿವಿಯಲ್ಲಿ ವಾಸ್ತು ಹೇಳುವ ಸ್ವಾಮಿಯ ಶಿಷ್ಯೆ.

"ಬಡಗಲು ಕುಬೇರನ ದಿಕ್ಕು. ಕುಬೇರನ ಮ್ಯಾಲೆ ಗುಂಡು ಆರಿಸ್ದರೆ ಮನೇಲಿ ಏನುಳಿತದೆ? ತೆಂಕಲಿಗೆ ಒಡಿ. ಅದು ಯಮನ ದಿಕ್ಕು. ನಿಂಗೂ ಅದೇ ತಾನೆ ಬೇಕಾಗಿರದು?"

ಆ ಕೊನೆಯ ಮಾತಿಗೆ ಸೋತೆ. ದಕ್ಷಿಣದ ತುದಿಗೆ ಗಟ್ಟಿ ಸಿಮೆಂಟ್ ಇಟ್ಟಿಗೆಯಲ್ಲಿ ಆಳೆತ್ತರ ಮೀರಿದ ಗೋಡೆ ಕಟ್ಟಿಸಿದೆವು. ಅದರ ಮುಂದೆ ಕಬ್ಬಿಣದ ಪೆಟ್ಟಿಗೆ. ಒಳಗೆ ದಪ್ಪ ತಗಡನ್ನು ಓರೆಯಾಗಿ ಕೂರಿಸಿದ್ದರಿಂದ ಗುಂಡು ಹಿಂದಕ್ಕೆ ಚಿಮ್ಮದೆ ಕೆಳಗಿನ ಮರಳಿಗೆ ಬೀಳುತ್ತದೆ. ಎರಡು ಪಕ್ಕಕ್ಕೂ ತಗಡು, ತಲೆಯ ಮೇಲೆ ಶೀಟು. ನಮ್ಮ ಯಜಮಾನರು ಲೈನ್‌ಮನ್ ಆಗಿ ನಿವೃತ್ತರಾದವರು. ಗುರಿಯ ಮೇಲೆ ನೆರಳು ಬೀಳದ ಹಾಗೆ ದೀಪ ಕಟ್ಟಿದರು. ನಿಂತಲ್ಲಿಂದಲೇ ಕಾರ್ಡನ್ನು ಎಳೆದುಕೊಳ್ಳಲು ಬಟ್ಟೆ ಒಣಹಾಕುವ ಹಗ್ಗಕ್ಕೆ ಎರಡು ರಾಟೆ ಸಿಕ್ಕಿಸಿದರು. ಗೇಟು ಒಳಗಿನಿಂದ ಚಿಲಕ ಹಾಕದೆ ಬಂದೂಕಿಗೆ ಗುಂಡು ತುಂಬಬಾರದು ಎಂಬುದು ಅವರದೇ ಕಾನೂನು. ಕರೆಂಟಿನ ಜೊತೆ ಬದುಕಿದವರಿಗೆ ಹುಡುಗಾಟವಿರುವುದಿಲ್ಲ.

ಎಲ್ಲ ಮುಗಿದ ಮೇಲೆ ಅತ್ತೆ ಗೇಟಿಗೆ ಕಟ್ಟಲೆಂದು ದೃಷ್ಟಿ ಬೊಂಬೆ ತರಿಸಿದರು. ಗುಡ್ಡೆ ಕಣ್ಣು, ಕೆಂಪು ನಾಲಗೆ, ಕಿವಿಯವರೆಗೆ ಮೀಸೆ. "ಇದ ಎಲ್ಲೋ ನೋಡಿವ್ನಲ್ಲ ಅಂತ ನೀನೇ ಅಂತೀಯ ನೋಡು" ಎಂದರು. ಅಂದೆ ಕೂಡ. ಆ ಬೊಂಬೆಯನ್ನು ಗುರಿ ಪೆಟ್ಟಿಗೆಯ ಮೇಲೇ ನೇತುಹಾಕೋಣ ಎಂದು ಆಸೆಪಟ್ಟೆ. ದೃಷ್ಟಿ ಬೊಂಬೆಗೆ ಹೊಡೆದರೆ ದೃಷ್ಟಿ ನಮಗೇ ತಿರುಗುತ್ತದೆ ಎಂದು ಅತ್ತೆ ಬಿಡಲಿಲ್ಲ. ಅದು ಗೇಟಿನ ಕಂಬದಲ್ಲೇ ಉಳಿಯಿತು.

ಮೊದಮೊದಲು ನನ್ನ ಗುಂಡುಗಳು ಕಾರ್ಡಿನ ತುಂಬ ಚೆಲ್ಲಾಡಿದವು. ಪ್ರತಿ ಸಲ ಕಣ್ಣು ಕಿರಿದು ಮಾಡಿದಾಗಲೂ ಆ ಬೆಂಚು, ಆ ಚಪ್ಪಲಿಗಳು ಕಾಣುತ್ತಿದ್ದವು. ಉಸಿರು ಏರುತ್ತಿತ್ತು, ನಳಿಗೆಯ ತುದಿ ಅಲುಗುತ್ತಿತ್ತು. ಸಿಟ್ಟು ಬಂದೂಕಿಗೆ ಆಗುವುದಿಲ್ಲ. ಆದರೆ ಹಗೆ ಆಗುತ್ತದೆ, ಅದನ್ನು ಮಡಕೆಯ ನೀರಿನಂತೆ ತಣ್ಣಗಿಟ್ಟುಕೊಂಡರೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ಮನುಷ್ಯನನ್ನು ನೆನೆದರೂ ನನ್ನ ಉಸಿರು ಏರುತ್ತಿರಲಿಲ್ಲ. ಗುಂಡುಗಳು ಒಂದರ ಮೇಲೊಂದು ಹೋಗಿ ನಡುವೆ ಒಂದೇ ತೂತು ಬೀಳುತ್ತಿತ್ತು.

ಮತ್ತೆ ಆಯುಧಪೂಜೆ ಬಂತು. ಈ ಸಲ ನನ್ನ ಬಂದೂಕಿಗೆ ಸೈಟಿನಲ್ಲಿ, ಮಣೆಯ ಮೇಲೆ, ಅತ್ತೆಯ ಕೈಯಿಂದ ಪೂಜೆ. ಮರುದಿನ ಬೆಳಿಗ್ಗೆ ಎತ್ತಿ ಗುರಿ ಹಿಡಿದರೆ ಕತ್ತಲೆ! ಬಂದೂಕಿನ ಹಿಂಬದಿಯಲ್ಲಿ, ನಮ್ಮ ಕಣ್ಣಿಗೆ ಎದುರಾಗಿ ಒಂದು ಪುಟ್ಟ ಬಿಲ್ಲೆ ಇರುತ್ತದೆ. ಅದರ ನಡುವೆ ಸಾಸಿವೆಯಷ್ಟು ತೂತು. ಆ ತೂತಿನಲ್ಲಿ ನೋಡಿಯೇ ಗುರಿ ಹಿಡಿಯಬೇಕು. ಅತ್ತೆ ಸರಿಯಾಗಿ ಅಲ್ಲಿಗೇ ಗಂಧ ಮೆತ್ತಿ, ಮೇಲೆ ಕುಂಕುಮವಿಟ್ಟಿದ್ದರು. ರಾತ್ರಿಯೆಲ್ಲ ಒಣಗಿ ಕಲ್ಲಾಗಿತ್ತು.

"ಇದೇನತ್ತೆ, ಕಣ್ಣೇ ಮುಚ್ಚಿಬುಟ್ಟಿದ್ದೀರಲ್ಲ!"

"ದುಂಡಗೆ ನಮ್ಮ ಕಡೀಕೇ ನೋಡ್ಕಂಡ್ ಕುಂತಿತ್ತು. ಅದೇ ಬಂದೂಕಿನ ಅಣೆ ಅನ್ಕಂಡೆ. ಕುಂಕುಮ ಇನ್ನೆಲ್ಲಿಗೆ ಮಡಗಾನ?"

ತಾಳಿ ಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು, ಅಂಚು ಗೀಚದ ಹಾಗೆ ನಿಧಾನವಾಗಿ ಬಿಡಿಸಿದೆ. ಅತ್ತೆಯ ಜೊತೆ ಸಂಜೆಯವರೆಗೆ ಮಾತಾಡಲಿಲ್ಲ.

ಸ್ಪರ್ಧೆಯ ದಿನ ನನಗೂ ಕಾರ್ಯದರ್ಶಿಗೂ ಪಕ್ಕಪಕ್ಕದ ಜಾಗ ಬಂತು. ಅವರು "ಏನಮ್ಮಾ, ಬಂದ್ಬಿಟ್ಟಿರಾ?" ಎಂದು ನಕ್ಕರು. ಪೂಜೆಗಿಟ್ಟ ಬಂದೂಕನ್ನು ಸ್ಪರ್ಧೆಯವರೆಗೆ ಮುಟ್ಟದೆ, ಕುಂಕುಮದ ಸಮೇತ ನೇರವಾಗಿ ತಂದು ಹೊಡೆಯುವುದು ಅವರ ಮನೆತನದ ಪದ್ಧತಿಯಂತೆ. ಅದನ್ನು ಸುತ್ತಲಿನವರಿಗೆ ಜೋರಾಗಿ ಹೇಳುತ್ತಲೇ ಬಂದೂಕನ್ನು ಭುಜಕ್ಕೇರಿಸಿದರು. ಇಳಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಏರಿಸಿದರು. ನನಗೆ ತಿಳಿದುಹೋಯಿತು. ಆ ವರ್ಷ ಪೂಜೆ ಮಾಡಿದವರೂ ಬಂದೂಕಿನ ಹಣೆಯನ್ನು ಅಲ್ಲೇ ಕಂಡಿದ್ದರು.

ಊದಿದರು. ಉಗುರಿನಿಂದ ಕೆರೆದರು. ಯಾರೋ ಬೆಂಕಿಕಡ್ಡಿ ಕೊಟ್ಟರು, ಅದರ ಚೂರು ತೂತಿನೊಳಗೇ ಮುರಿಯಿತು. ಸಮಯ ಓಡುತ್ತಿತ್ತು. ಆಗ ಅವರ ಕಣ್ಣು ನನ್ನ ತಾಳಿ ಸರದ ಪಿನ್ನುಗಳ ಮೇಲೆ ಬಿತ್ತು.

"ಅಮ್ಮಾ, ಒಂದು ಪಿನ್ ಕೊಡ್ತೀರಾ?"

"ಪಿನ್ ಕೊಟ್ರೆ ಅಂಚು ಗೀಚಿಹೋಗುತ್ತೆ ಸಾರ್. ಬಂದೂಕು ಕೊಡಿ, ನಾನೇ ಬಿಡಿಸಿಕೊಡ್ತೀನಿ."

ಕೈ ಚಾಚಿದೆ. ಹಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು, ಹೋದ ವರ್ಷ ಸುಮ್ಮನೆ ನಿಂತಿದ್ದ ಅದೇ ಜನ. ಕಾರ್ಯದರ್ಶಿ ನನ್ನ ಅಂಗೈಯನ್ನು ನೋಡಿದರು, ತಾತನ ಹೆಸರು ಕೆತ್ತಿಸಿದ್ದ ತಮ್ಮ ಬಂದೂಕನ್ನು ನೋಡಿದರು.

"ಬೇಡ ಬಿಡಿ" ಎಂದರು.

ಪಿನ್ನನ್ನೇ ಕೊಡಬಹುದಿತ್ತು. ಕೊಡಲಿಲ್ಲ, ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಅವರು ಅರೆಗುರುಡರಾಗಿ ಹೊಡೆದರು, ನಾನು ಕಣ್ಣಿದ್ದು ಹೊಡೆದೆ. ಕಪ್ಪು ನನ್ನ ಕೈಗೆ ಬಂತು.

ಬಂತೇ ಹೊರತು ಹೊಟ್ಟೆ ತಣ್ಣಗಾಗಲಿಲ್ಲ. ಒಂದು ವರ್ಷ ನಾನು ಕಟ್ಟಿದ ಗೋಡೆ, ಎಳೆದ ಹಗ್ಗ, ಹಿಡಿದ ಉಸಿರು ಎಲ್ಲವೂ ಎಲ್ಲಿಗೆ ಹೋಯಿತು? ಗೆದ್ದದ್ದು ಕುಂಕುಮ. ಅವರೂ ಅದನ್ನೇ ಹೇಳಿಕೊಂಡು ತಿರುಗಿದರು: "ಪೂಜೆ ಪ್ರಸಾದ ಕಣ್ಣಿಗೆ ಅಡ್ಡ ಬಂತು ಕಣ್ರೀ. ಇಲ್ಲದಿದ್ರೆ ಆಯಮ್ಮ ಯಾವ ಲೆಕ್ಕ?" ಈ ಮಾತು ನನ್ನ ಕಿವಿಗೆ ಬಿದ್ದಾಗ ಕಪ್ಪನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ಬಂದೂಕು ಶುಚಿ ಮಾಡಿಕೊಂಡು ಬೋಗಾದಿಗೆ ಬನ್ನಿ, ಸಾಕ್ಷಿಗೆ ಯಾರನ್ನಾದರೂ ಕರೆತನ್ನಿ, ಲೆಕ್ಕ ನೋಡೋಣ ಎಂದು ಹೇಳಿಕಳಿಸಿದೆ. ಬರುವುದಿಲ್ಲ ಎಂದುಕೊಂಡಿದ್ದೆ. ಆದರೆ ಕರೆ ಕ್ಲಬ್ಬಿನವರಿಗೆಲ್ಲ ಗೊತ್ತಾಗಿತ್ತು. ಬರದಿದ್ದರೆ ಮೀಸೆಯ ಗತಿ ಏನು?

ಒಂದು ಭಾನುವಾರ ಬೆಳಿಗ್ಗೆ ಬಂದರು. ಸಾಕ್ಷಿಗಳಾಗಿ ಕ್ಲಬ್ಬಿನ ಇಬ್ಬರು ಸದಸ್ಯರು. ಅತ್ತೆ ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ಮಣೆ, ಹೂವು, ಅದರ ಮೇಲೆ ನನ್ನ ಬಂದೂಕು ಇರುವುದು ಕಾಣುತ್ತಿತ್ತು. ಹಾಗಾಗಿ ಕಾರ್ಯದರ್ಶಿ ಬೂಟು ಬಿಚ್ಚಿ ನಮ್ಮೆಲ್ಲರ ಚಪ್ಪಲಿಗಳ ಜೊತೆ ಇಟ್ಟರು. ಅತ್ತೆ ತಲೆಯೆತ್ತಿ ಕಂಬದ ಬೊಂಬೆಯ ಮೀಸೆಯನ್ನು ನೋಡಿದರು, ಆಮೇಲೆ ಬಂದವರ ಮೀಸೆಯನ್ನು. ನಾನು ಏನೂ ಹೇಳಿಕೊಟ್ಟಿರಲಿಲ್ಲ, ದೇವರಾಣೆಗೂ.

ಅವರು ಭುಜದಿಂದ ಬಂದೂಕಿನ ಚೀಲ ಇಳಿಸಿ, ಎಲ್ಲಿಡಲಿ ಎಂಬಂತೆ ಸುತ್ತ ನೋಡಿದರು.

ಅತ್ತೆ ಚಪ್ಪಲಿ ಸಾಲಿನ ಕಡೆ ಬೆರಳು ತೋರಿಸಿದರು.

"ಅಲ್ಲಿಡಿ ಸ್ವಾಮಿ. ಆಮ್ಯಾಲೆ ನೋಡಾನ."

ಅವರು ನನ್ನ ಮುಖ ನೋಡಿದರು. ನಾನು "ಬೇಡ ಸಾರ್, ಒಳಗೆ ತನ್ನಿ" ಅನ್ನುತ್ತೇನೆಂದು ಕಾದರು. ಜೊತೆಗೆ ಬಂದವರಲ್ಲಿ ಒಬ್ಬರು ಕೆಮ್ಮಿದರು. ನಾನು ಗುಂಡಿನ ಡಬ್ಬಿಯ ಮುಚ್ಚಳ ತೆಗೆಯುತ್ತ ನಿಂತಿದ್ದೆ.

ಅವರು ಬಗ್ಗಿ ಇಟ್ಟರು.